ಕಾಲುವೆ ದಂಡೆಯ ಗುಲಾಬಿ ನಾತ

ಸಾಬೂನು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೂಗಣ್ಣ ಎಂದೇ. ಯಾವ ಸಾಬೂನಿಗೆ ಯಾವ ಪರಿಮಳ ಎಷ್ಟು ಹನಿ ಬೀಳಬೇಕೆಂದು ಮೂಸಿ ಹೇಳುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಗಾಜು ಏರಿಸಿದ ಕಾರಿನಲ್ಲೇ ಹೋಗಿ ಬಂದವನು. ಆ ಕಾರು ಕೆಟ್ಟು ಗ್ಯಾರೇಜು ಸೇರಿದ ಮರುದಿನ, ಮದುವೆಯಾಗಿ ಹೋದ ಮಗಳ ಸೈಕಲ್ಲನ್ನು ಹೆಂಡತಿ ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದಳು.

"ಆರು ಕಿಲೋಮೀಟರು ತಾನೆ? ಹೊಟ್ಟೆನೂ ಒಂಚೂರು ಕರಗುತ್ತೆ, ಹೋಗಿ ಬನ್ನಿ."

"ಊರ ಧೂಳೆಲ್ಲ ನನ್ನ ಮೂಗಿಗೇ ಬೇಕಾ?" ಎಂದು ಗೊಣಗುತ್ತಲೇ ಹತ್ತಿದ.

ಮೊದಲ ದಿನ ಎಲ್ಲವೂ ಹೇಸಿಗೆ. ಲಾರಿಯ ಹೊಗೆ, ಬೆನ್ನಿಗಂಟಿದ ಅಂಗಿ, ಬಸ್ಸಿನ ಕಿಟಕಿಯಿಂದ ಯಾರೋ ಉಗಿದು ಮೊಣಕೈಗೆ ಸಿಡಿದ ಎಂಜಲು. ಮೂರನೆಯ ದಿನ ಬೇಕರಿಯ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಬಡಗಿಯ ಅಂಗಡಿಯಲ್ಲಿ ಆಗತಾನೇ ಕೊಯ್ದ ಮರದ ವಾಸನೆ. ಇಳಿಜಾರಿನಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿದಾಗ ಗಾಳಿ ಅಂಗಿಯೊಳಗೆ ನುಗ್ಗಿ ಕಚಗುಳಿಯಿಟ್ಟಿತು. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಅವಳು ಗೆದ್ದ ಹಾಗೆ.

ಅದೇ ಖುಷಿಯಲ್ಲಿ ಒಂದು ಬೆಳಿಗ್ಗೆ ದೊಡ್ಡ ರಸ್ತೆ ಬಿಟ್ಟು, ಕಾರ್ಖಾನೆಯ ಹಿಂದಿನ ಕಾಲುವೆ ದಂಡೆ ಹಿಡಿದ. ಕಾರು ನುಗ್ಗದ ಸಣ್ಣ ದಾರಿ. ಕಾಂಪೌಂಡಿನ ಬುಡದಿಂದ ಹೊರಟ ದಪ್ಪ ಪೈಪು ಬೂದು ನೀರನ್ನು ಗಳಗಳ ಕಾರುತ್ತಿತ್ತು. ಹಳದಿ ನೊರೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಳೆತ ಕೊಬ್ಬಿನ ನಾತ ಮೂಗಿಗೆ ರಾಚಿತು. ಆ ನಾತದೊಳಗಿಂದಲೇ ತೆಳ್ಳಗೆ ಗುಲಾಬಿ ಬಂತು. ತಾನೇ ಆರು ತಿಂಗಳು ಕೂತು ಹದ ಮಾಡಿದ ಗುಲಾಬಿ! ಮೂಗಣ್ಣ ಸೈಕಲ್ಲನ್ನು ಗೋಡೆಗೊರಗಿಸಿ, ತಿಂದದ್ದನ್ನೆಲ್ಲ ಕಕ್ಕಿದ.

ಎದುರು ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುದುಕಿ ಚೊಂಬಿನಲ್ಲಿ ನೀರು ತಂದಳು. "ಹೊಸಬರಾ? ನಮಗೆ ಅಭ್ಯಾಸ ಆಗಿದೆಯಪ್ಪ. ಊಟಕ್ಕೆ ಕೂತಾಗ ಮಾತ್ರ ಕಷ್ಟ. ಬಾಯಿಗಿಟ್ಟ ತುತ್ತಿಗೂ ಹೂವಿನ ವಾಸನೆ."

"ಎಷ್ಟು ದಿನದಿಂದ ಅಮ್ಮಾ?"

"ಮೊಮ್ಮಗಳು ಹುಟ್ಟಿದಾಗಿಂದ. ಈಗ ಅವಳಿಗೆ ಒಂಬತ್ತು."

ಮೂಗಣ್ಣ ನೇರ ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರು ಎಲ್ಲ ಕೇಳಿ ನಕ್ಕರು. "ನಿಮ್ಮ ಕಾರು ಬೇಗ ರಿಪೇರಿ ಆಗಲಪ್ಪ. ಈ ಕಾಯಿಲೆಗೆ ಅದೇ ಮದ್ದು."

"ನಿಮಗೆ ಅಸಹ್ಯ ಆಗಲ್ವಾ ಸಾರ್?"

"ನಾನು ಆ ಕಡೆ ಹೋಗೋದೇ ಇಲ್ವಲ್ಲ."

ಇಪ್ಪತ್ತು ವರ್ಷ ತಾನೂ ಹೋಗಿರಲಿಲ್ಲ. ಮ್ಯಾನೇಜರ ನಗುಮುಖದಲ್ಲಿ ಅವನಿಗೆ ತನ್ನದೇ ಮುಖ ಕಂಡಂತಾಯಿತು. ಅಂದು ಸಂಜೆಯೇ ನಗರಸಭೆಗೆ ದೂರು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ. ಉಂಡ ಮನೆಗೆ ಎರಡು ಬಗೆದವನೆಂದು ಜೊತೆಯವರು ಮಾತು ಬಿಟ್ಟರು. ತಿಂಗಳೊಳಗೆ ಪೈಪಿನ ಬಾಯಿಗೆ ಸಿಮೆಂಟು ಬಿತ್ತು, ಅವನ ಕೆಲಸಕ್ಕೂ ಕತ್ತರಿ ಬಿತ್ತು.

ಇಂಥ ಮೂಗು ಸುಮ್ಮನೆ ಬಿದ್ದಿರುತ್ತದೆಯೇ? ಊರಾಚೆಯ ಪೌಡರು ಕಾರ್ಖಾನೆಯವರು ಕರೆಸಿಕೊಂಡರು. ಸಂಬಳ, ಕಾರು, ಡ್ರೈವರು ಎಲ್ಲ ಕೊಡುತ್ತೇವೆಂದರು.

"ಅದಿರಲಿ, ನಿಮ್ಮ ಕೊಳೆ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ.

ಅವರು ಸಂಬಳವನ್ನು ಇನ್ನಷ್ಟು ಏರಿಸಿದರು. ಮೂಗಣ್ಣ ಎದ್ದು ಹೊರಗೆ ಬಂದು, ಸೈಕಲ್ಲು ಹತ್ತಿ, ಅವರ ಕಾಂಪೌಂಡಿನ ಹಿಂಭಾಗಕ್ಕೆ ತಿರುಗಿಸಿದ.