ಬೋರಲು ಹಾಕಿದ ದೋಣಿ

ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕುವುದು ಆ ದ್ವೀಪದ ವಾಡಿಕೆ. ಬೋರಲು ಬಿದ್ದ ದೋಣಿ ಮನೆಯವರದು. ಬಾಯಿ ತೆರೆದು ಬಿದ್ದ ದೋಣಿ ಬೆಂಕಿಯದು. ಹೊಟ್ಟೆಯಲ್ಲಿ ಹಿಮ ತುಂಬಿಕೊಂಡು ಚಳಿಗಾಲ ಕಳೆದ ದೋಣಿಯ ಮೇಲೆ ಯಾರೂ ಹಕ್ಕು ಹೇಳುವುದಿಲ್ಲ. ನಡುಬೇಸಿಗೆಯ ಯುಹಾನ್ನುಸ್ ಹಬ್ಬಕ್ಕೆ ಊರವರೇ ಅದನ್ನು ಹೊತ್ತು ತಂದು, ಸೌದೆ ರಾಶಿಯ ತಲೆಯ ಮೇಲೆ ಕೂರಿಸಿ ಸುಡುತ್ತಾರೆ. ಮುದಿ ದೋಣಿಗೆ ಅದಕ್ಕಿಂತ ಒಳ್ಳೆಯ ಸಾವಿಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಲೆಂಪಿಯೂ ಒಪ್ಪುತ್ತಿದ್ದಳು, ಊರಿನ ಕಣ್ಣು ತನ್ನ ದೋಣಿಯ ಮೇಲೆ ಬೀಳುವ ತನಕ.

ಅದು ಅವಳ ಗಂಡ ಔಕುಸ್ತಿ ಕೈಯಾರೆ ಕಟ್ಟಿದ ದೋಣಿ. ಅವನು ಬಲೆ ಬಿಡುತ್ತಿದ್ದ, ಅವಳು ಹುಟ್ಟು ಹಾಕುತ್ತಿದ್ದಳು. ವಸಂತದಲ್ಲಿ ಅವನು ತೀರಿಕೊಂಡ ಮೇಲೆ, ಇಬ್ಬರ ದೋಣಿ ಒಬ್ಬಳ ಪಾಲಿಗೆ ಬಂದರೆ ಅದರ ಕಥೆ ಮುಗಿದಂತೆಯೇ ಎಂದು ಊರು ತೀರ್ಮಾನಿಸಿಬಿಟ್ಟಿತು. ಬೇಸಿಗೆಯಿಡೀ ಅವಳೊಬ್ಬಳೇ ಬಲೆ ಬಿಟ್ಟು, ಅವಳೊಬ್ಬಳೇ ಹುಟ್ಟು ಹಾಕಿ ಮೀನು ತಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೀನು ಮಾತ್ರ ಎಲ್ಲರ ಕಣ್ಣಿಗೂ ಚೆನ್ನಾಗಿಯೇ ಬೀಳುತ್ತಿತ್ತು.

ಅಕ್ಟೋಬರ್‌ನಲ್ಲಿ ಮೈದುನ ಕಲೆರ್ವೊ ಕಾಫಿಗೆ ಬಂದ. ಕೆಟ್ಟವನಲ್ಲ, ಅಣ್ಣನೆಂದರೆ ಪ್ರಾಣ. ತೊಂದರೆಯಾದದ್ದೇ ಅದರಿಂದ.

"ಬರೋ ಬೇಸಿಗೆ ಹಬ್ಬದ ಬೆಂಕಿಗೆ ದೋಣಿ ಇಲ್ಲ ಲೆಂಪಿ. ಅಣ್ಣನ ದೋಣಿ ತುದೀಲಿ ಕೂತು ಉರಿದ್ರೆ ಸುತ್ತಮುತ್ತಲ ದ್ವೀಪಕ್ಕೆಲ್ಲ ಕಾಣ್ಸುತ್ತೆ. ಅವನಿಗೆ ಇನ್ನೇನು ಮರ್ಯಾದೆ ಬೇಕು ಹೇಳು?"

"ದೋಣಿ ಜೊತೆ ಹೆಂಡ್ತೀನೂ ಕೂರಿಸ್ಬಿಡಿ. ಇನ್ನೂ ಚೆನ್ನಾಗಿ ಕಾಣ್ಸುತ್ತೆ."

"ಥೂ, ಬಿಡ್ತು ಅನ್ನು!"

"ಸತ್ತಿದ್ದು ಅವನು ಕಲೆರ್ವೊ. ದೋಣಿ ಸತ್ತಿಲ್ಲ, ನಾನೂ ಸತ್ತಿಲ್ಲ."

ಕಲೆರ್ವೊ ಬಟ್ಟಲು ಕೆಳಗಿಟ್ಟ. "ಬೋರಲು ಹಾಕೋಕೆ ಯಾರು ಬರ್ತಾರೆ ನೋಡ್ತೀನಿ. ನಾನಂತೂ ಬರಲ್ಲ. ನಾನು ಬರ್ದೆ ಇದ್ರೆ ಊರಲ್ಲಿ ಯಾರೂ ಬರಲ್ಲ."

"ಯಾರೂ ಬರ್ಬೇಡಿ. ಆ ಬನ್ ತಿಂದು ಎದ್ದೇಳು."

ಯಾರೂ ಬರಲಿಲ್ಲ. ಲೆಂಪಿ ಉರುಳುಮರಗಳನ್ನು ಜೋಡಿಸಿ, ಹಗ್ಗ ಸುತ್ತುವ ಕೈರಾಟೆ ತಿರುಗಿಸಿ ದೋಣಿಯನ್ನು ತಾನೇ ದಡಕ್ಕೆಳೆದಳು. ತಳದ ಹಲಗೆಗಳನ್ನು ಎತ್ತಿ, ಸಂದಿಗಳಲ್ಲಿ ಕೂತ ಮೀನಿನ ಹುರುಪೆಯನ್ನು ಚಾಕುವಿನ ಮೊನೆಯಿಂದ ಕೆದಕಿ ತೆಗೆದಳು. ಹೊರಮೈಯ ಪಾಚಿಯನ್ನು ಕೆರೆದು, ಬಾವಿಯ ನೀರು ಹೊಯ್ದು ತೊಳೆದಳು. ಮೈಯೆಲ್ಲ ಒಣಗಿದ ಮೇಲೆ ಪೈನ್ ಮರದ ಡಾಂಬರನ್ನು ಬೆಚ್ಚಗೆ ಮಾಡಿ ಒಳಗೂ ಹೊರಗೂ ಬಳಿಯತೊಡಗಿದಳು.

ನೆರೆಮನೆಯ ಹೆಲ್ವಿ ದಾರಿಯಿಂದಲೇ ಕೂಗಿದಳು: "ಬಳಿ ಬಳಿ, ಡಾಂಬರು ಜಾಸ್ತಿ ಆದಷ್ಟೂ ಚೆನ್ನಾಗಿ ಉರಿಯುತ್ತೆ!"

"ನಿನ್ನ ಹೊಟ್ಟೆ ಉರಿಯೋ ಅಷ್ಟೇನೂ ಉರಿಯಲ್ಲ, ಹೋಗೇ!"

ಬಾಯಿ ಜೋರಿತ್ತು ನಿಜ, ಆದರೆ ಎದೆಯೊಳಗೆ ಪುಕಪುಕ ಎನ್ನುತ್ತಿತ್ತು. ದೋಣಿಯನ್ನು ಬೋರಲು ಹಾಕಲು ಕಡಿಮೆಯೆಂದರೂ ಇಬ್ಬರು ಬೇಕು: ಒಂದು ಕಡೆಯಿಂದ ಎತ್ತುವವರೊಬ್ಬರು, ಇನ್ನೊಂದು ಕಡೆ ಹಿಡಿದು ಇಳಿಸುವವರೊಬ್ಬರು. ಹಿಮ ಬಿದ್ದು ದೋಣಿ ತುಂಬಿತೆಂದರೆ ಅಲ್ಲಿಗೆ ಮಾತು ಮುಗಿಯಿತು.

ಹಿಮದ ಮೋಡ ಕಟ್ಟಿದ ಬೆಳಿಗ್ಗೆ ಅವಳು ಉದ್ದನೆಯ ಮರದ ಗಳು ಹಿಡಿದು ಹೊರಟಳು. ಇಬ್ಬರ ಕೆಲಸದಲ್ಲಿ ಒಬ್ಬರ ಪಾಲನ್ನಾದರೂ ಮುಗಿಸೋಣ, ಮಿಕ್ಕದ್ದು ಆಮೇಲೆ ಎಂದುಕೊಂಡಳು. ದೋಣಿಯ ಒಂದು ಅಂಚನ್ನು ಗಳುವಿನಿಂದ ಮೀಟಿದಳು, ಎದ್ದಷ್ಟಕ್ಕೆ ಮರದ ತುಂಡು ಕೊಟ್ಟಳು. ಮತ್ತೆ ಮೀಟಿದಳು, ಮತ್ತೊಂದು ತುಂಡು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ದೋಣಿ ಮಗ್ಗುಲಾಗಿ, ಇನ್ನೊಂದು ಅಂಚಿನ ಮೇಲೆ ನೆಟ್ಟಗೆ ನಿಂತಿತು. ಅದರ ಭಾರವೆಲ್ಲ ಅವಳ ಹೆಗಲ ಮೇಲೆ. ಬಿಟ್ಟು ಆ ಕಡೆಗೆ ಹೋಗುವ ಹಾಗಿಲ್ಲ, ಹೆಚ್ಚು ಹೊತ್ತು ಹೊರುವ ಹಾಗೂ ಇಲ್ಲ.

ಆಗ ಆ ಕಡೆಯಿಂದ ಕೆಮ್ಮಿದ ಸದ್ದು ಕೇಳಿಸಿತು. ಕಲೆರ್ವೊ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ. ಯಾವಾಗ ಬಂದನೋ.

"ಹುಚ್ಚು ಹಿಡಿದಿದೆಯಾ ನಿಂಗೆ? ವಾಪಸ್ ಇಳ್ಸು!"

"ಇಳ್ಸಲ್ಲ. ಆ ಕಡೆ ತಳ್ತೀನಿ."

"ಈ ಕಡೆ ಬರೀ ಬಂಡೆ ಕಣೆ! ಬಿದ್ರೆ ಸೌದೆ ಆಗ್ಹೋಗುತ್ತೆ!"

"ನಿಂಗೆ ಬೇಕಿರೋದೂ ಸೌದೇನೇ ತಾನೆ? ಪಕ್ಕಕ್ಕೆ ಸರ್ಕೊ, ಕಾಲು ಮುರ್ಕೊಂಡೀಯ."

"ಲೆಂಪಿ, ಬೇಡ!"

ಗಂಡನ ದೋಣಿ ಬೇರೆಯವರ ಬೆಂಕಿಯಲ್ಲಿ ಉರಿಯುವುದಕ್ಕಿಂತ ತನ್ನ ಕೈಯಿಂದಲೇ ಒಡೆದರೆ ಒಡೆಯಲಿ ಎಂದುಕೊಂಡು, ಕಣ್ಣು ಮುಚ್ಚಿ ತಳ್ಳಿಬಿಟ್ಟಳು.

ಒಡೆದ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಕಲೆರ್ವೊ ಎರಡೂ ತೋಳು ಚಾಚಿ, ಮೊಣಕಾಲು ಮಡಿಸಿ, ಅಣ್ಣ ಬಗ್ಗಿಸಿ ಕೂರಿಸಿದ್ದ ಹಲಗೆಗೆ ಕೆನ್ನೆಯೊತ್ತಿ ದೋಣಿಯನ್ನು ಹಿಡಿದಿದ್ದ. ಬಾಯಲ್ಲಿ ಬೈಗುಳ, ಮುಖವೆಲ್ಲ ಕೆಂಪು. ಮಗು ಇಳಿಸುವಷ್ಟು ಮೆಲ್ಲಗೆ ಅದನ್ನು ಇಳಿಸುತ್ತಿದ್ದ.

ಲೆಂಪಿ ಸುತ್ತಿ ಬಂದು ಅವನ ಎದುರು ನಿಂತಳು.

"ಬಿಟ್ಟಿದ್ರೆ ಆಗ್ತಿತ್ತಲ್ಲ. ಯಾಕೆ ಹಿಡ್ದೆ?"

ಬೋರಲಾದ ದೋಣಿ ಇನ್ನೇನು ನೆಲ ಮುಟ್ಟಬೇಕು, ಕಲೆರ್ವೊ ಬಿಡದೆ ಹಿಡಿದೇ ಇದ್ದ.

"ನೋಡ್ತಾ ನಿಂತಿದ್ದೀಯಲ್ಲ ಮಹರಾಯ್ತಿ! ಅಂಚಿನ ಕೆಳಗೆ ಕಲ್ಲು ಕೊಡು ಬೇಗ! ಗಾಳಿಯಾಡ್ದೆ ನೆಲಕ್ಕೆ ಅಂಟಿಕೊಂಡ್ರೆ ಬೇಸಿಗೆಗೆ ಕೊಳೆತು ಹೋಗುತ್ತೆ!"

ಲೆಂಪಿ ಅವಸರ ಮಾಡಲಿಲ್ಲ. ಹುಡುಕಿ ಹುಡುಕಿ ಒಳ್ಳೆಯ ಕಲ್ಲುಗಳನ್ನೇ ಆರಿಸಿದಳು.