ತಂಗಿಯ ಕಾಯಿಲೆ ಬೇಕೆಂದವಳು

ಪರರ ಮನೆ ನೋಡಿ, ಪರರ ಮಕ್ಕಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ಎಲ್ಲರೂ ಕಂಡಿದ್ದಾರೆ. ಒಡಹುಟ್ಟಿದವಳ ಕಾಯಿಲೆ ನೋಡಿ ಹೊಟ್ಟೆ ಉರಿದುಕೊಂಡವಳು ಈ ಅಕ್ಕ ಒಬ್ಬಳೇ ಇರಬೇಕು.

ಅಕ್ಕ ದರ್ಜಿ. ಬಟ್ಟೆ ತಿದ್ದಿಕೊಡುವ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ಒಂದೇ ಕಿಟಕಿಯ ಪಕ್ಕ, ಒಂದೇ ಮೆಷಿನ್ನಿನ ಮುಂದೆ ಕೂತವಳು. ಕೋಟಿನ ಗುಂಡಿ ತೂರಿಸುವ ಕಾಜವನ್ನು ಕೈಯಲ್ಲೇ ಹೊಲಿಯುವವಳು ಆ ಅಂಗಡಿಯಲ್ಲಿ ಅವಳೊಬ್ಬಳೇ. ಗಂಡ ತೀರಿಕೊಂಡ ಮೇಲೆ ಅಮ್ಮನ ಮನೆಗೆ ಬಂದಿದ್ದಳು. ತಂಗಿ ಮದುವೆಯ ಗೋಜಿಗೇ ಹೋಗದೆ ಅಲ್ಲೇ ಇದ್ದಳು. ಅವಳಿಗೆ ನಗರದ ಉದ್ಯಾನಗಳ ಮರ ನೋಡಿಕೊಳ್ಳುವ ಕೆಲಸ. ತೊಗಟೆ ಕೊಳೆಯತೊಡಗಿದ ಮರ ಕಂಡರೆ ಕೊಳೆತ ಜಾಗದ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬರುವಳು. ಮುಂದಿನ ವಾರ ಹೋದಾಗ ಕೊಳೆ ಗೆರೆ ದಾಟಿದ್ದರೆ ಆ ಕೊಂಬೆಗೆ ಗರಗಸ.

ಚಿಕ್ಕಂದಿನಿಂದಲೂ ಹೀಗೇ. ಇಬ್ಬರಿಗೂ ಒಟ್ಟಿಗೆ ದಡಾರ ಬಂತು. ತಂಗಿ ನಾಲ್ಕು ದಿನಕ್ಕೆ ಎದ್ದು ಕುಣಿದಳು, ಅಕ್ಕ ಇಪ್ಪತ್ತು ದಿನ ಮಲಗಿದಳು. ಇಬ್ಬರೂ ಒಂದೇ ಗೋಡೆಯಿಂದ ಬಿದ್ದರು. ತಂಗಿಯ ಮೊಣಕಾಲು ತರಚಿತು, ಅಕ್ಕನ ಮೊಣಕೈ ಮುರಿಯಿತು. ಅಮ್ಮ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು: ಚಿಕ್ಕವಳದು ಹೂವಿನ ಹಾಗೆ ಎತ್ತಿಟ್ಟ ಹಣೆಬರಹ, ದೊಡ್ಡವಳದು ಪಾಪ. ಆ ಪಾಪ ಅನ್ನುವ ಮಾತು ಅಕ್ಕನ ಎದೆಯಲ್ಲಿ ಮೂವತ್ತೈದು ವರ್ಷದಿಂದ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತ್ತು.

ಆ ವರ್ಷ ಮರ ಚಿಗುರುವ ಹೊತ್ತಿಗೆ ತಂಗಿಯ ತೊಡೆಯ ಮೇಲೆ ಒಂದು ಕೆಂಪು ಮಚ್ಚೆ ಎದ್ದಿತು. ಮರಕ್ಕೆ ಮಾಡುವುದನ್ನೇ ಅವಳು ತೊಡೆಗೂ ಮಾಡಿದಳು. ಬಾಲ್‌ಪೆನ್ನಿನಿಂದ ಅಂಚಿಗೆ ಗೆರೆ ಎಳೆದಳು. ಎರಡು ದಿನಕ್ಕೆ ಕೆಂಪು ಗೆರೆ ದಾಟಿತ್ತು, ಇನ್ನೊಂದು ಎಳೆದಳು. ಮೂರನೆಯ ಗೆರೆಯ ಹೊತ್ತಿಗೆ ಅದು ಅಂಗೈಯಷ್ಟು ಅಗಲವಾಗಿ, ನಡುವೆ ತಿಳಿಯಾಗಿ, ಸುತ್ತ ಬಳೆ ಇಟ್ಟ ಹಾಗೆ ಕಂಡಿತು. ಫೋಟೋ ತೆಗೆದು, ಇದೇನು ನೋಡೇ ಎಂದು ಅಕ್ಕನ ಫೋನಿಗೆ ಕಳಿಸಿದಳು. ಅಕ್ಕ ಕೋಟಿನ ತೋಳು ಬಿಚ್ಚುತ್ತಿದ್ದವಳು, ತುರಿಸಬೇಡ ಎಂದು ಉತ್ತರ ಕಳಿಸಿ ಮರೆತಳು.

ಆಮೇಲೆ ತಂಗಿಗೆ ಜ್ವರ ಬಂತು, ಕೀಲುಗಳು ಹಿಡಿದುಕೊಂಡವು, ಒಂದು ಬೆಳಗ್ಗೆ ಎಡ ಕೆನ್ನೆ ಜೋತುಬಿದ್ದು ಬಾಯಿ ಓರೆಯಾಯಿತು. ಕ್ಲಿನಿಕ್ಕಿನ ಡಾಕ್ಟರು ಫೋಟೋ ನೋಡಿದವರೇ, ಹುಲ್ಲು ಪೊದೆಯಲ್ಲಿ ಓಡಾಡುತ್ತೀರಾ ಎಂದು ಕೇಳಿದರು. ಇದು ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ಎಂದು ರಕ್ತಪರೀಕ್ಷೆ ಮಾಡಿಸಿ ಮೂರು ವಾರದ ಆಂಟಿಬಯೋಟಿಕ್ ಕೊಟ್ಟರು. ಬಾಯಿ ಓರೆಯಾಗಿದ್ದಾಗಲೂ ತಂಗಿ ಕನ್ನಡಿ ನೋಡಿಕೊಂಡು ನಗುತ್ತಿದ್ದಳು, ಅರ್ಧ ಮುಖವೇ ನಗುತ್ತಿತ್ತು. ಅಮ್ಮ ಚಮಚದಲ್ಲಿ ಗಂಜಿ ಕುಡಿಸಿದಳು. ಬೇಸಿಗೆ ಮುಗಿಯುವುದರೊಳಗೆ ಮುಖ ನೆಟ್ಟಗಾಗಿ ಅವಳು ಮತ್ತೆ ಮರ ಹತ್ತಿದಳು.

ಅದಾಗಿ ಹದಿನೈದು ದಿನಕ್ಕೆ ಅಕ್ಕನ ಬಲಗಣ್ಣು ನೋಯತೊಡಗಿತು. ಕಣ್ಣು ಆಡಿಸಿದರೆ ಒಳಗಡೆ ಎಳೆದ ಹಾಗೆ. ನಾಲ್ಕು ದಿನಕ್ಕೆ ಆ ಕಣ್ಣಿಗೆ ಮಂಜು ಕವಿಯಿತು. ಕೆಂಪು ದಾರದ ಉಂಡೆಯನ್ನು ಎಡಗಣ್ಣಿನಲ್ಲಿ ನೋಡಿದರೆ ಕೆಂಪು, ಬಲಗಣ್ಣಿನಲ್ಲಿ ನೋಡಿದರೆ ತೊಳೆದು ತೊಳೆದು ಮಾಸಿದ ಇಟ್ಟಿಗೆಯ ಬಣ್ಣ. ಹಬೆ ಇಸ್ತ್ರಿಯ ಮುಂದೆ ನಿಂತು ಮೈ ಬಿಸಿಯಾದರೆ ಅದೂ ಕಾಣದು.

ಅಕ್ಕ ಹೆದರಿದಳು, ಯಾಕೆಂದರೆ ಇಂಥದ್ದನ್ನೇ ಅವಳು ಮೊದಲೊಮ್ಮೆ ಕೇಳಿದ್ದಳು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಒಬ್ಬ ಟೀಚರು ಇದ್ದರು, ಕೋಲು ಹಿಡಿದು ನಡೆಯುವವರು. ಕೋಲು ತಾಗಿ ತಾಗಿ ಅವರ ಕೋಟಿನ ಒಂದೇ ಕಡೆಯ ಅಂಚು ಹರಿಯುತ್ತಿತ್ತು. ಅಳತೆ ಕೊಡುತ್ತಾ ಒಮ್ಮೆ ಅವರೇ ಹೇಳಿದ್ದರು: ತಮ್ಮದು ಮಲ್ಟಿಪಲ್ ಸ್ಕ್ಲೆರೋಸಿಸ್, ಎಂ.ಎಸ್. ಅನ್ನುತ್ತಾರೆ, ದೇಹವೇ ತನ್ನ ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ. ಮೊದಲು ಒಂದು ಕಣ್ಣಿಗೆ ಕೆಂಪು ಮಾಸಿತು, ತಾನಾಗಿ ವಾಸಿಯಾಯಿತು, ವರ್ಷ ಬಿಟ್ಟು ಇನ್ನೊಂದು ಕಡೆ ಬಂತು. ಬಂದು ಹೋಗಿ, ಬಂದು ಹೋಗಿ, ಕಡೆಗೆ ಸ್ವಲ್ಪ ಉಳಿದುಕೊಳ್ಳುತ್ತದೆ ಎಂದು ನಕ್ಕಿದ್ದರು.

ನಾಲ್ಕು ವರ್ಷದ ಹಿಂದೆ ಅಕ್ಕನ ಎಡಗೈಯೂ ಹನ್ನೆರಡು ದಿನ ಮರಗಟ್ಟಿ, ಸೂಜಿ ಚುಚ್ಚಿದರೂ ಗೊತ್ತಾಗದ ಹಾಗೆ ಆಗಿ, ಸರಿಹೋಗಿತ್ತು. ಕೋಟಿನ ಕೆಲಸ ಬೇರೆಯವರ ಪಾಲಾದೀತೆಂದು ಯಾರಿಗೂ ಹೇಳಿರಲಿಲ್ಲ.

ಅವಳು ಯೋಚಿಸಿದ್ದು ಒಂದೇ. ಇಬ್ಬರೂ ಒಂದೇ ಮನೆಯ ಮಕ್ಕಳು. ತಂಗಿಗೆ ಮಾತ್ರೆಗೆ ಹೋಗುವ ಕಾಯಿಲೆ, ನನಗೆ ಕೋಲು ಕೊಡುವ ಕಾಯಿಲೆಯಾ? ತಂಗಿಯ ಚಿನ್ನ ಕೇಳಿರಲಿಲ್ಲ, ಅವಳ ಹಾಗೆ ನಗುವುದನ್ನೂ ಕೇಳಿರಲಿಲ್ಲ. ಒಂದು ಉಣ್ಣಿಯ ಕಡಿತ ಕೇಳುತ್ತಿದ್ದಳು, ಅಷ್ಟೇ.

ಅದೇ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಬೇರೆ ಡಾಕ್ಟರು ಕೂತಿದ್ದರು, ಹೊಸಬರು. ತಂಗಿ ಹೇಗೆ ಹೇಗೆ ಉತ್ತರ ಕೊಟ್ಟಿದ್ದಳೋ ಅಕ್ಕ ಹಾಗೆ ಹಾಗೆಯೇ ಕೊಟ್ಟಳು. ಉದ್ಯಾನದ ಹುಲ್ಲಿನಲ್ಲಿ ಕೂತಿದ್ದೆ, ಹೌದು. ಜ್ವರ, ಹೌದು. ಕೀಲುನೋವು, ಹೌದು. ಹಿಂದೆ ಯಾವತ್ತಾದರೂ ಕೈಕಾಲು ಮರಗಟ್ಟಿ, ಕಣ್ಣು ಮಂಜಾಗಿ ತಾನಾಗಿ ಸರಿಹೋಗಿತ್ತೇ? ಇಲ್ಲ. ಚರ್ಮದ ಮೇಲೆ ಏನಾದರೂ ಎದ್ದಿತ್ತೇ? ಅಕ್ಕ ಫೋನು ತೆಗೆದು ತಂಗಿಯ ತೊಡೆ ತೋರಿಸಿ, ನನ್ನದು ಅಂದಳು.

ಆ ಕೆಂಪು ಬಳೆ ಕಂಡರೆ ಡಾಕ್ಟರಿಗೆ ಬೇರೆ ಸಾಕ್ಷಿ ಬೇಡ. ಅದಷ್ಟೇ ನೋಡಿ ಲೈಮ್ ಅನ್ನಬಹುದು. ಆದರೂ ರಕ್ತ ತೆಗೆದರು, ಮೂರು ವಾರದ ಮಾತ್ರೆ ಕೊಟ್ಟರು, ಕಣ್ಣಿಗೆ ಹೀಗಾಗುವುದು ಲೈಮಿನಲ್ಲಿ ಅಪರೂಪ, ದೊಡ್ಡ ಆಸ್ಪತ್ರೆಯ ನರಗಳ ಡಾಕ್ಟರನ್ನು ಕಂಡೇ ಕಾಣಬೇಕು ಎಂದು ಚೀಟಿಯನ್ನೂ ಬರೆದರು. ರಕ್ತದಲ್ಲಿ ಉಣ್ಣಿಯ ಗುರುತು ಇಲ್ಲ ಎಂದು ಬಂತು. ಕೆಲವೊಮ್ಮೆ ಮೊದಲಲ್ಲಿ ಸಿಗುವುದಿಲ್ಲವಂತೆ ಎಂದು ಅಕ್ಕ ಅಮ್ಮನಿಗೆ ತಾನೇ ಡಾಕ್ಟರಾಗಿ ಹೇಳಿದಳು.

ಮಾತ್ರೆ ಮುಗಿಯುವ ಹೊತ್ತಿಗೆ ಕಣ್ಣು ತಿಳಿಯಾಯಿತು. ಅದು ತಾನಾಗಿ ತಿಳಿಯಾಗುವ ಕಣ್ಣು. ಮಾತ್ರೆ ಬರೀ ಪಕ್ಕದಲ್ಲಿ ನಿಂತು ಹೆಸರು ತಗೊಂಡಿತು. ಆದರೆ ಅಕ್ಕನ ಹಿಗ್ಗು ಹೇಳತೀರದು. ಅಂದು ಊಟಕ್ಕೆ ಕೂತಾಗ, ನನಗೂ ಮೂರೇ ವಾರ ನೋಡು ಎಂದು ಅಮ್ಮನಿಗೆ ಎರಡು ಸಲ ಹೇಳಿದಳು. ಅಮ್ಮ ತಂಗಿಯ ಕಡೆ ತಿರುಗಿ, ನಿನ್ನಿಂದಲೇ ಇವಳಿಗೆ ಬೇಗ ಗೊತ್ತಾಯಿತು, ಇಲ್ಲದಿದ್ದರೆ ಪಾಪ ಅಂದಳು. ಅಕ್ಕ ತಟ್ಟೆ ಸರಿಸಿ ಎದ್ದಳು. ನರಗಳ ಡಾಕ್ಟರ ಚೀಟಿಯನ್ನು ಹರಿದು, ಬಟ್ಟೆಚಿಂದಿಯ ಬುಟ್ಟಿಗೆ ಹಾಕಿದಳು.

ಎರಡು ತಿಂಗಳು ಸುಮ್ಮನಿತ್ತು. ಆಮೇಲೆ ಒಂದು ಬೆಳಗ್ಗೆ ಸ್ನಾನಕ್ಕೆ ನಿಂತರೆ ಸೊಂಟದಿಂದ ಕೆಳಗೆ ಬಿಸಿನೀರು ಬಿಸಿ ಅನ್ನಿಸಲಿಲ್ಲ. ಮೆಷಿನ್ನಿನ ಮೇಲೆ ಕತ್ತು ಬಗ್ಗಿಸಿದರೆ ಬೆನ್ನುಹುರಿಯ ಉದ್ದಕ್ಕೂ ಕರೆಂಟು ಹೊಡೆದ ಹಾಗೆ ಜುಮ್ ಎಂದು ಇಳಿಯುತ್ತಿತ್ತು. ಪೆಡಲ್ಲಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಬಗ್ಗಿದರೆ ಕರೆಂಟು. ಅಂಗಡಿಯವನೇ ಮನೆಗೆ ಫೋನು ಮಾಡಿದ. ತಂಗಿ ಕೆಲಸದ ಬೂಟಿನಲ್ಲೇ ಓಡಿಬಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಎಂ.ಆರ್.ಐ. ಮಾಡಿದರು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ವಾರ ಬಿಟ್ಟು ಬನ್ನಿ ಅಂದರು. ನರಗಳ ಡಾಕ್ಟರು ಒಬ್ಬ ಹೆಂಗಸು, ಮೆತ್ತಗೆ ಮಾತಾಡುವವರು, ಆದರೆ ಮಾತನ್ನು ಸುತ್ತಿ ಬಳಸುವವರಲ್ಲ. ಇಬ್ಬರನ್ನೂ ಕೂರಿಸಿ ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿದರು. ಅಲ್ಲಲ್ಲಿ ಬಿಳಿ ಚುಕ್ಕೆ, ಕತ್ತಿನ ಹುರಿಯಲ್ಲಿ ಒಂದು. ಇವು ಎಂ.ಎಸ್.ನ ಚುಕ್ಕೆಗಳ ಹಾಗೇ ಇವೆ, ರಕ್ತದಲ್ಲಾಗಲಿ ಬೆನ್ನಿನ ನೀರಿನಲ್ಲಾಗಲಿ ಉಣ್ಣಿಯ ಗುರುತಿಲ್ಲ ಅಂದರು. ಆಮೇಲೆ ಕ್ಲಿನಿಕ್ಕಿನಿಂದ ಬಂದ ಫೈಲು ತೆರೆದರು. ಪರದೆಯ ತುಂಬ ತಂಗಿಯ ತೊಡೆ.

"ನನ್ನ ಕೈ ಕಟ್ಟಿರೋದು ಈ ಫೋಟೋ," ಅಂದರು ಡಾಕ್ಟರು. "ಎಂ.ಎಸ್. ಅಂತಾದರೆ ಈ ವಾರವೇ ಔಷಧಿ ಶುರು ಮಾಡಬೇಕು. ಆದರೆ ಆ ಔಷಧಿ ದೇಹದ ಕಾವಲನ್ನು ತಗ್ಗಿಸುತ್ತೆ. ಒಳಗೆ ಲೈಮ್ ಅಡಗಿದ್ದರೆ ಕಳ್ಳನಿಗೆ ಬಾಗಿಲು ತೆಗೆದ ಹಾಗಾಗುತ್ತೆ. ಅದಕ್ಕೇ ಮೊದಲು ನಾಲ್ಕು ವಾರ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟು ನೋಡೋಣ ಅಂತಿದ್ದೀನಿ. ಅಷ್ಟರಲ್ಲಿ ಎಂ.ಎಸ್. ಇನ್ನೊಂದು ಸಲ ಬಂದರೆ, ಆಗ ಹೋದದ್ದರಲ್ಲಿ ಎಷ್ಟು ವಾಪಸ್ಸು ಬರುತ್ತೋ ಹೇಳಕ್ಕಾಗಲ್ಲ."

ತಂಗಿ ಪರದೆಯನ್ನೇ ನೋಡುತ್ತಿದ್ದಳು. ಒಂದರ ಸುತ್ತ ಒಂದು, ನೀಲಿ ಪೆನ್ನಿನ ಮೂರು ಗೆರೆ. ಹತ್ತು ನಿಮಿಷ ಹೊರಗೆ ಕೂತು ಯೋಚನೆ ಮಾಡಿ ಬನ್ನಿ, ವಾರ್ಡಿನಲ್ಲಿ ಹಾಸಿಗೆ ಖಾಲಿ ಇದೆಯೋ ಕೇಳಿಸುತ್ತೇನೆ ಎಂದು ಡಾಕ್ಟರು ಇಬ್ಬರನ್ನೂ ಕಳಿಸಿದರು.

ಮೊಗಸಾಲೆಯ ಬೆಂಚಿನ ಮೇಲೆ ತಂಗಿ ಬೂಟಿನ ಮಣ್ಣು ಉಗುರಲ್ಲಿ ಕೆರೆಯುತ್ತಾ ಕೂತಳು.

"ಆ ಗೆರೆ ಎಳೆದೋಳು ನಾನು," ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕ ತನ್ನ ತೊಡೆಯ ಮೇಲಿನ ಬಟ್ಟೆ ಎಳೆದು ಸರಿಮಾಡಿಕೊಂಡಳು. ತೊಡೆ ಎಲ್ಲರದ್ದೂ ಒಂದೇ ಥರ ಇರುತ್ತೆ ಅಂದಳು.

"ಚಿಕ್ಕೋಳಾಗಿದ್ದಾಗ ನಿನ್ನ ಹಳೇ ಬಟ್ಟೆ ನಾನು ಹಾಕ್ಕೊಂಡು ತಿರುಗ್ತಿದ್ದೆ. ಈಗ ನನ್ನ ಹಳೇ ಕಾಯಿಲೆ ನೀನು ಹಾಕ್ಕೊಂಡು ತಿರುಗ್ತೀಯೇನೇ?"

ಅಕ್ಕನಿಗೆ ನಗು ಬರಬೇಕಿತ್ತು. ಬಂದದ್ದು ಮೂವತ್ತೈದು ವರ್ಷದ ಹೊಟ್ಟೆಕಿಚ್ಚು. ನಿನಗೆ ಬರೋದೆಲ್ಲ ವಾಸಿಯಾಗೋದೇ ಬರುತ್ತೆ, ಬಿದ್ದರೆ ತರಚುತ್ತೆ, ಜ್ವರ ಬಂದರೆ ಇಳಿಯುತ್ತೆ, ಬಾಯಿ ಓರೆಯಾದರೂ ಚೆಂದ ಕಾಣ್ತೀಯ, ನನಗೆ ಒಂದೇ ಒಂದು ಸಲ ನಿನ್ನ ಪಾಲು ಬೇಕಾಗಿತ್ತು ಎಂದು, ಬೇರೆ ಯಾರಿಗೂ ಕೇಳಿಸದ ದನಿಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಹುಳಿಯಾಯಿತೇ ಹೊರತು ಅಳು ಬರಲಿಲ್ಲ.

ತಂಗಿ ಮಣ್ಣು ಕೆರೆಯುವುದನ್ನು ನಿಲ್ಲಿಸಿದಳು. ಆಮೇಲೆ, "ನಾನು ಒಳಗೆ ಹೋಗಿ ಹೇಳಲ್ಲ ಅಕ್ಕ. ಹೇಳಿದರೆ, ಅದನ್ನೂ ಇವಳೇ ಕಿತ್ಕೊಂಡಳು ಅಂತೀಯ. ನಿನ್ನ ಕಾಲು, ನೀನೇ ಹೇಳು," ಅಂದಳು.

ಅಕ್ಕ ಕೂತೇ ಇದ್ದಳು. ನಾಲ್ಕು ವಾರ ಡ್ರಿಪ್ ಹಾಕಿಸಿಕೊಂಡರೆ ನಾಲ್ಕು ವಾರ ತಂಗಿಯ ಕಾಯಿಲೆಯವಳಾಗಿ ಇರಬಹುದು. ಅಮ್ಮ ಚಮಚದಲ್ಲಿ ಗಂಜಿ ತರುತ್ತಾಳೆ. ವಾಸಿಯಾಗುತ್ತೆ ಎಂದು ಎಲ್ಲರೂ ಹೇಳುತ್ತಾರೆ. ಆಸೆಯಾಯಿತು, ನಿಜವಾಗಿ ಆಸೆಯಾಯಿತು. ಪಾದದ ಬೆರಳು ಆಡಿಸಿ ನೋಡಿದಳು. ಆಡಿತೋ ಇಲ್ಲವೋ ಚಪ್ಪಲಿಯೊಳಗೆ ಗೊತ್ತಾಗಲಿಲ್ಲ. ಎದ್ದಳು. ಗೋಡೆ ಹಿಡಿದುಕೊಂಡು ಒಳಗೆ ಹೋದಳು.

"ಆ ತೊಡೆ ನನ್ನದಲ್ಲ ಡಾಕ್ಟ್ರೇ. ನನಗೆ ಯಾವ ಕೆಂಪೂ ಎದ್ದಿರಲಿಲ್ಲ. ಜ್ವರವೂ ಬಂದಿರಲಿಲ್ಲ."

ಡಾಕ್ಟರು ಬೈಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಫೋಟೋ ಮುಚ್ಚಿ, ಹಾಗಾದರೆ ನಿಮ್ಮದು ಹೇಳಿ, ಮೊದಲಿಂದ ಹೇಳಿ ಅಂದರು. ಅಕ್ಕ ಎಡಗೈಯ ಹನ್ನೆರಡು ದಿನದಿಂದ ಶುರು ಮಾಡಿದಳು. ಕೆಂಪು ದಾರ ಇಟ್ಟಿಗೆಯಾದದ್ದು, ಹಬೆಯ ಮುಂದೆ ಕಣ್ಣು ಮಬ್ಬಾದದ್ದು, ಕತ್ತು ಬಗ್ಗಿಸಿದರೆ ಇಳಿಯುವ ಕರೆಂಟು. ಡಾಕ್ಟರು ಬರೆದುಕೊಂಡರು. ಒಂದು ಸಲ ಕೈ, ವರ್ಷಗಳು ಬಿಟ್ಟು ಕಣ್ಣು, ತಿಂಗಳು ಬಿಟ್ಟು ಕಾಲು, ಬೇರೆ ಬೇರೆ ಕಾಲ, ಬೇರೆ ಬೇರೆ ಜಾಗ. ಇದನ್ನು ನೀವು ಮೊದಲೇ ಹೇಳಿದ್ದರೆ ಅರ್ಧ ದಾರಿ ಅಲ್ಲೇ ಮುಗಿಯುತ್ತಿತ್ತು ಅಂದರು. ಇದು ಎಂ.ಎಸ್. ಬೇರಿನಿಂದ ಕೀಳುವ ಔಷಧಿ ಇಲ್ಲ, ಮತ್ತೆ ಮತ್ತೆ ಬರುವುದನ್ನು ತಡೆದು ಹಿಡಿಯುವ ಔಷಧಿ ಇದೆ. ಕೆಲವು ತಿಂಗಳು ಕಳೆದುಕೊಂಡಿದ್ದೀರಿ, ಕಣ್ಣು ಕಳೆದುಕೊಂಡಿಲ್ಲ. ಕಾಲಿಗೆ ನಾಳೆಯಿಂದ ಸ್ಟಿರಾಯ್ಡ್ ಕೊಡೋಣ, ಆಮೇಲೆ ಆ ತಡೆಯುವ ಔಷಧಿ.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ಕಾಜ ಹೊಲಿಯಬಹುದಾ? ಕೈಯಂತೂ ಈಗ ಚೆನ್ನಾಗಿದೆ, ಹೊಲಿಯಿರಿ ಅಂದರು ಡಾಕ್ಟರು.

ಹೊರಗೆ ಬಂದು ತಂಗಿಗೆ ಎರಡು ಮಾತಿನಲ್ಲಿ ಹೇಳಿದಳು. ಮಾತು ಮುಗಿಯುವ ಮೊದಲೇ ತಂಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು, ಹೋಗಿಬರುವವರೆಲ್ಲ ನೋಡುವ ಹಾಗೆ. ಒಬ್ಬ ನರ್ಸು ಬಂದು ತಂಗಿಯ ಬೆನ್ನು ಸವರಿ ನೀರು ಕೊಟ್ಟಳು. ಕಾಯಿಲೆಯವಳು ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದಳು.

"ಸಾಕು ಬಿಡೇ," ಅಂದಳು ಅಕ್ಕ. "ನನ್ನ ಕಾಯಿಲೆಗೆ ಅಳೋದರಲ್ಲೂ ನೀನೇ ಮುಂದಾ?"

ತಂಗಿ ಮೂಗು ಒರೆಸಿಕೊಂಡು, ಇನ್ನೂ ಹೊಟ್ಟೆಕಿಚ್ಚಾ ಎಂದು ಕೇಳಿದಳು.

ಅಕ್ಕ ಸುಳ್ಳು ಹೇಳಲು ಬಾಯಿ ತೆರೆದು ಮುಚ್ಚಿದಳು. ಆವತ್ತಿಗೆ ಸುಳ್ಳು ಸಾಕಾಗಿತ್ತು. "ಇದೆ ಕಣೆ," ಅಂದಳು. "ಇದಕ್ಕೂ ಬೇರಿನಿಂದ ಕೀಳೋ ಔಷಧಿ ಇಲ್ಲ ಅಂತ ಕಾಣುತ್ತೆ."

ಮೆಟ್ಟಿಲು ಬಂತು. ಕೆಳಗಿನ ಮೆಟ್ಟಿಲು ಎಲ್ಲಿದೆಯೆಂದು ಕಾಲು ಹೇಳದು, ಬಗ್ಗಿ ನೋಡಿದರೆ ಕರೆಂಟು. ತಂಗಿ ಅಭ್ಯಾಸದಂತೆ ಎರಡು ಮೆಟ್ಟಿಲು ಮುಂದೆ ಇಳಿದಿದ್ದಳು. ಅಕ್ಕ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತಳು. ಆಮೇಲೆ, ಕೇಳುವುದಕ್ಕೆ ಮೈಯೆಲ್ಲ ಹಿಂಡಿದಂತಾದರೂ, ಕೇಳಿದಳು.

"ಹತ್ತಿ ಬಾ ಇಲ್ಲಿ. ಭುಜ ಕೊಡು."