ಎರಡು ಟ್ಯಾಂಕರ್ ಸಿಹಿನೀರು

ಗಬ್ಬೂರಿನಾಚೆ ಹಳ್ಳದ ದಂಡೆಗೆ ಔಷಧ ಕಾರ್ಖಾನೆ ಬಂದು ಐದು ವರ್ಷವಾಗಿತ್ತು. ಉಪ್ಪುನೀರನ್ನು ಹಳ್ಳಕ್ಕೆ ಬಿಡಲು ಸರಕಾರವೇ ಅದಕ್ಕೆ ಪರವಾನಗಿ ಕೊಟ್ಟಿತ್ತು. ಲೀಟರಿಗೆ ಇಷ್ಟೇ ಉಪ್ಪು, ಅದಕ್ಕಿಂತ ಚಿಟಿಕೆಯಷ್ಟೂ ಹೆಚ್ಚಿರಬಾರದು ಎಂದು ಕಾಗದದಲ್ಲಿ ಬಲು ಚೆಂದಾಗಿ ಬರೆದಿತ್ತು. ಕಾಗದ ಹಾಗೇ ಇತ್ತು, ನೀಲಗಂಗಮ್ಮನ ಬಾವಿ ಕೆಟ್ಟಿತ್ತು. ಓಣಿಯ ನಲವತ್ತು ಮನೆಗೆ ಆಧಾರವಾಗಿದ್ದ ಆ ನೀರಿನಲ್ಲಿ ಈಗ ಬೇಳೆ ಬೇಯುತ್ತಿರಲಿಲ್ಲ, ಎಮ್ಮೆ ಮೂತಿ ಅದ್ದಿ ಹಿಂದೆ ಸರಿಯುತ್ತಿತ್ತು.

ಈಗ ಪರವಾನಗಿಯ ಅವಧಿ ಮುಗಿದಿತ್ತು. ಇನ್ನೈದು ವರ್ಷಕ್ಕೆ ಸಿಗಬೇಕಾದರೆ ಹತ್ತಿರದ ಬಾವಿಯ ನೀರಿನ ಉಪ್ಪು ಅಳೆದು, ಬಾವಿಯ ಒಡತಿಯ ಸಹಿ ಹಾಕಿಸಿ ಪಂಚನಾಮೆ ಮಾಡಬೇಕು. ಸಿಕ್ಕಿತೆಂದರೆ ಓಣಿಗೆ ಓಣಿಯೇ ಗುಳೆ ಹೋಗಬೇಕಾದೀತೆಂದು ನೀಲಗಂಗಮ್ಮನಿಗೆ ಗೊತ್ತಿತ್ತು.

ಕಾರ್ಖಾನೆಯ ಮ್ಯಾನೇಜರ್ ಬಸವಲಿಂಗ ಭಾರಿ ಬುದ್ಧಿವಂತ. ಪಂಚನಾಮೆಯ ದಿನ ಬೆಳಗಾಗುತ್ತಲೇ ಮೋಟರು ಹಚ್ಚಿ ಬಾವಿ ಬರಿದು ಮಾಡಿಸಿ, ಎರಡು ಟ್ಯಾಂಕರ್ ಕೃಷ್ಣೆಯ ನೀರು ಸುರಿಸಿದ. "ಬಾವಿ ಸ್ವಚ್ಛ ಮಾಡಸಾಕತ್ತೀವಿ ಯವ್ವಾ, ಪುಗಸಟ್ಟೆ" ಎಂದು ಹಲ್ಲು ಕಿರಿದ. ಆಮೇಲೆ ಅಧಿಕಾರಿಯನ್ನು ಕರೆತರಲು ಜೀಪು ಹತ್ತಿ ರಾಯಚೂರಿಗೆ ಹೋದ. ಥೂ, ಇವನ ಬುದ್ಧಿಗಿಷ್ಟು ಬೆಂಕಿ ಹಾಕ! ಜನ್ಮದಲ್ಲಿ ಒಂದು ಕೊಡ ನೀರು ಹೊತ್ತಿದ್ದರೆ ಸಿಹಿನೀರನ್ನು ಹಾಗೆ ಕಾವಲಿಲ್ಲದೆ ಬಿಟ್ಟು ಹೋಗುತ್ತಿದ್ದನೇ?

ಹತ್ತಕ್ಕೆ ಬರಬೇಕಾದ ಅಧಿಕಾರಿ ಸುಭಾಷ್ ಸಾಹೇಬರಿಗೆ ದಾರಿಯಲ್ಲಿ ಖಾನಾವಳಿ ಕಂಡಿತು. ಬಸವಲಿಂಗನೇ ಒತ್ತಾಯ ಮಾಡಿ ಮಾಡಿ ಉಣಿಸಿದ. ಊಟ, ಎಲೆ ಅಡಿಕೆ, ಮೇಲೊಂದು ಸಣ್ಣ ನಿದ್ದೆ.

ಇತ್ತ ಓಣಿಯ ನೂರ್ ಬೀ ಮೊದಲ ಕೊಡ ಸೇದಿ, ಬೊಗಸೆ ನೀರು ಬಾಯಿಗೆ ಹಾಕಿಕೊಂಡು, "ಯವ್ವಾ, ಸೀ ನೀರು!" ಎಂದು ಕೂಗಿದ್ದೇ ತಡ, ಕೊಡ, ಬಕೆಟ್ಟು, ಡ್ರಮ್ಮು, ಹಂಡೆ ಎಲ್ಲ ಹೊರಬಿದ್ದವು. ನೀಲಗಂಗಮ್ಮ ತಾನೇ ಹದಿನಾರು ಕೊಡ ಹೊತ್ತಳು. ಪಂಚನಾಮೆಯ ನೆನಪು ಯಾರಿಗಿತ್ತು? ಒಳ್ಳೆ ನೀರು ಕಂಡರೆ ತುಂಬಿಕೊಳ್ಳುವುದು, ಅಷ್ಟೇ. ಮಧ್ಯಾಹ್ನಕ್ಕೆ ಬಾವಿಯ ತಳ ಕಂಡಿತು. ಹಳ್ಳದ ಕಡೆಯ ಸೆಲೆಯಿಂದ ಹಳೆಯ ಉಪ್ಪುನೀರು ಜಿನುಗಿ ಮೊಣಕಾಲುದ್ದ ನಿಂತಿತು.

ಮೂರಕ್ಕೆ ಸುಭಾಷ್ ಸಾಹೇಬರು ತೇಗುತ್ತ ಇಳಿದರು. ಪಂಚನಾಮೆ ರಾಯಚೂರಿನಲ್ಲೇ ಟೈಪಾಗಿ ಬಂದಿತ್ತು: 'ನೀರು ಸಿಹಿಯಾಗಿದೆ.' ಸಹಿಯ ಜಾಗ ಮಾತ್ರ ಖಾಲಿ. ಮಂದಿ ಸುತ್ತ ನಿಂತಿದ್ದರಿಂದ ಸಾಹೇಬರು ಒಂದು ಕೊಡ ಸೇದಿಸಿ, ತೋರಿಕೆಗೆ ಉಪ್ಪು ಅಳೆಯುವ ಮೀಟರು ಅದ್ದಿದರು. ಎರಡು ಸಾವಿರ ದಾಟಬಾರದ ಅಂಕಿ ನಾಲ್ಕು ಸಾವಿರಕ್ಕೆ ಹೋಗಿ ನಿಂತಿತು.

ಬಸವಲಿಂಗ ಬಾವಿಗೆ ಬಗ್ಗಿ ನೋಡಿ ಕೆಂಡವಾದ. "ಕಳ್ಳ ಮಂದಿ! ಮುಂಜಾನಿ ಎರಡು ಟ್ಯಾಂಕರ್ ಸೀ ನೀರು ಸುರಿಸೀನಿ, ಎಲ್ಲಾ ಹೊತ್ಕೊಂಡು ಹೋಗ್ಯಾರ!"

ಅಂದವನೇ ನಾಲಿಗೆ ಕಚ್ಚಿಕೊಂಡ. ಸಾಹೇಬರು ಕೇಳಿಸದವರಂತೆ ಮೀಟರು ಒರೆಸಿದರು.

"ಮಷೀನ್ ಕೆಟ್ಟದ," ಎಂದರು. "ನೀ ಸಹಿ ಹಾಕು ಯವ್ವಾ, ಹೊತ್ತಾತು."

ನೀಲಗಂಗಮ್ಮ ಏಳನೇ ಇಯತ್ತೆಯವರೆಗೆ ಶಾಲೆ ಕಲಿತವಳು. ಪೆನ್ನು ಇಸಿದುಕೊಂಡು, ಖಾಲಿ ಜಾಗದಲ್ಲಿ ದುಂಡಗೆ ಬರೆದಳು: 'ಬಾವಿ ನೀರು ನಾಲ್ಕು ಸಾವಿರ. ಎರಡು ಟ್ಯಾಂಕರ್ ಸಿಹಿನೀರು ತಂದು ಸುರಿಸಿದ್ದಾಗಿ ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ್ದಾರೆ.' ಕೆಳಗೆ ಸಹಿ ಹಾಕಿದಳು.

ಸಾಹೇಬರು ಕಾಗದ ಕಸಿದು ಓದಿ ಬೆವತರು. "ಏ, ಸರಕಾರಿ ಕಾಗದ ಹಾಳು ಮಾಡಿದ್ಯಲ್ಲ!"

ನೀಲಗಂಗಮ್ಮನಿಗೆ ಐದು ವರ್ಷದ ಸಿಟ್ಟು ಒಮ್ಮೆಲೇ ಉಕ್ಕಿತು.

"ಕಾಗದ ಹಾಳಾದದ್ದು ಕಾಣಿಸ್ತಲ್ರಿ ಸಾಹೇಬ್ರ ನಿಮಗ? ಐದು ವರ್ಷ ಬಾವಿ ಹಾಳಾದದ್ದು ಕಾಣಿಸಲಿಲ್ಲ. ಹರದು ಒಗೀರಿ, ಇನ್ನೊಂದು ತರ್ರಿ. ಅದರಾಗೂ ಇದನ್ನ ಬರೀತೀನಿ."